ಆರಾಮಾದ ಮೇಲೂ ಬೇಕಾದ ಮಾತ್ರೆ

ಚೆನ್ನೈನ ಅಡ್ಯಾರ್‌ನಲ್ಲಿ ನಾನು ಫಾರ್ಮಸಿಸ್ಟ್. 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಕಟ್ಟಿದ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇಲ್ಲೇ ಇದೆ. ಕನ್ನಡದವರೂ ಚೀಟಿ ಹಿಡಿದು ಬರುತ್ತಾರೆ.

ಸ್ತನ ಕ್ಯಾನ್ಸರ್ ಆಪರೇಷನ್ ಆದ ಹಲವರಿಗೆ ಬರೆದಿರುವುದು ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ, ದಿನಕ್ಕೊಂದು, 5 ವರ್ಷ, ಕೆಲವರಿಗೆ 10. ಈಸ್ಟ್ರೋಜೆನ್‌ನಿಂದ ಬೆಳೆಯುವ ಗಡ್ಡೆಯ ಕೋಶಗಳಿಗೆ ಆ ಹಾರ್ಮೋನ್ ಅಂಟದಂತೆ ಇದು ತಡೆಯುತ್ತದೆ.

"ಆರಾಮಿದ್ದೀನಲ್ಲ, ಇನ್ಯಾಕಪ್ಪಾ ಮಾತ್ರೆ?" ಎಂದು ನಮ್ಮ ಕಡೆಯ ಅಮ್ಮಂದಿರು ಕೇಳುತ್ತಾರೆ. ಮೈ ಬಿಸಿಯೇರಿ ಬೆವರಿ ಸಾಕಾಗಿರುತ್ತದೆ. ಆದರೆ 5 ವರ್ಷ ಪೂರೈಸಿದರೆ, ನಿಲ್ಲಿಸಿದ ಮೇಲೂ ಅದು ವರ್ಷಗಟ್ಟಲೆ ಕಾಯುತ್ತದೆ.

ಅಪಾಯಗಳು ಅಪರೂಪ, ಆದರೆ ಇವೆ: ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಕ್ಯಾನ್ಸರ್. ಒಂದು ಕಾಲು ಬಾತರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ನಾಚದೆ ವೈದ್ಯರಿಗೆ ಹೇಳಿ. ಮಾತ್ರೆ ನಿಲ್ಲಿಸುವ ತೀರ್ಮಾನವೂ ಅವರದೇ ಇರಲಿ.