ಲೋಟಸ್ ನೋಟ್ಸ್

ಲೋಟಸ್ ನೋಟ್ಸ್ ಒಂದು ಸಂಸ್ಥೆಯ ನೌಕರರು ತಮ್ಮ ಪತ್ರವ್ಯವಹಾರ, ಚರ್ಚೆ, ಕಡತ ನಿರ್ವಹಣೆ, ದಿನಚರಿ ಮೊದಲಾದ ಕಚೇರಿ ಕೆಲಸಗಳನ್ನು ಗಣಕಯಂತ್ರದ ಮೂಲಕ ಒಟ್ಟಾಗಿ ನಡೆಸಲು ನೆರವಾಗುವ ಸಹಯೋಗ ತಂತ್ರಾಂಶವಾಗಿದೆ. ಅಮೆರಿಕದ ಐರಿಸ್ ಅಸೋಸಿಯೇಟ್ಸ್ ಎಂಬ ಚಿಕ್ಕ ಕಂಪನಿಯು ಇದನ್ನು ಸಿದ್ಧಪಡಿಸಿತು. ಲೋಟಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ 1989ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 1995ರಲ್ಲಿ ಲೋಟಸ್ ಕಂಪನಿಯು ಐಬಿಎಂ ವಶವಾದಾಗ ನೋಟ್ಸ್ ಕೂಡ ಐಬಿಎಂ ಉತ್ಪನ್ನವಾಯಿತು. 2019ರಲ್ಲಿ ಇದರ ಒಡೆತನ ಭಾರತದ ಎಚ್‌ಸಿಎಲ್ ಟೆಕ್ನಾಲಜೀಸ್‌ಗೆ ಬಂದಿತು. ಈಗ ಇದರ ಹೆಸರು ಎಚ್‌ಸಿಎಲ್ ನೋಟ್ಸ್. ಇದಕ್ಕೆ ಆಧಾರವಾಗಿರುವ ಸರ್ವರ್ ತಂತ್ರಾಂಶದ ಹೆಸರು ಎಚ್‌ಸಿಎಲ್ ಡಾಮಿನೊ.

ಮೂರು ದಶಕಗಳಿಗೂ ಮೀರಿದ ಅವಧಿಯಲ್ಲಿ ಒಡೆಯರು ಬದಲಾದರೂ, ಹೆಸರು ಬದಲಾದರೂ, ಈ ತಂತ್ರಾಂಶವನ್ನು ಬಳಸುವವರ ಮತ್ತು ಅದರ ಮೇಲೆ ಅನ್ವಯಗಳನ್ನು ರಚಿಸುವವರ ಸಮುದಾಯವೊಂದು ಅದರ ಜೊತೆಗೇ ಉಳಿದುಕೊಂಡು ಬಂದಿದೆ. ಕಚೇರಿಯ ಸಹಕಾರದಲ್ಲಿ ಯಂತ್ರದ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂಬ ಪ್ರಶ್ನೆಗೆ ನೋಟ್ಸ್‌ನ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ನೋಟ್ಸ್‌ನ ಬೇರು ಕಚೇರಿಯಲ್ಲಿಲ್ಲ, ಶಿಕ್ಷಣದಲ್ಲಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಲೆಂದು ಪ್ಲೇಟೊ ಎಂಬ ಗಣಕ ವ್ಯವಸ್ಥೆಯನ್ನು ನಿರ್ಮಿಸಲಾಗಿತ್ತು. ವ್ಯವಸ್ಥೆಯಲ್ಲಿ ಕಂಡುಬಂದ ದೋಷಗಳನ್ನು ಬಳಕೆದಾರರು ಒಂದು ಸಾಮಾನ್ಯ ಕಡತದಲ್ಲಿ ಬರೆದಿಡುತ್ತಿದ್ದರು. ಆ ಕಡತವನ್ನು ಯಾರು ಬೇಕಾದರೂ ತಿದ್ದಬಹುದಾಗಿತ್ತು, ಅಳಿಸಬಹುದಾಗಿತ್ತು; ಯಾವ ಮಾತನ್ನು ಯಾರು ಬರೆದರೆಂದು ತಿಳಿಯುವಂತಿರಲಿಲ್ಲ. ಈ ಕೊರತೆಯನ್ನು ನೀಗಿಸಲು ಡೇವಿಡ್ ವೂಲಿ ಎಂಬ ತರುಣ 1973ರಲ್ಲಿ ಪ್ಲೇಟೊ ನೋಟ್ಸ್ ಎಂಬ ಕ್ರಮವಿಧಿಯನ್ನು ರಚಿಸಿದನು. ಇದರಲ್ಲಿ ಪ್ರತಿಯೊಂದು ಟಿಪ್ಪಣಿಗೂ ಬರೆದವರ ಗುರುತು ಮತ್ತು ದಿನಾಂಕ ತಾನಾಗಿಯೇ ಸೇರುತ್ತಿತ್ತು; ಅದಕ್ಕೆ ಬಂದ ಉತ್ತರಗಳು ಅದರ ಕೆಳಗೇ ಜೋಡಣೆಯಾಗುತ್ತಿದ್ದವು. ಹೇಳಿದ ಮಾತಿಗೆ ಹೊಣೆ, ಕೇಳಿದ ಪ್ರಶ್ನೆಗೆ ಎಲ್ಲರ ಕಣ್ಣೆದುರು ಉತ್ತರ ಎಂಬ ಎರಡು ತತ್ವಗಳು ಅಲ್ಲಿಂದಲೇ ನೋಟ್ಸ್‌ಗೆ ಬಂದವು.

ಇಲಿನಾಯ್‌ನಲ್ಲಿ ಓದುತ್ತಿದ್ದಾಗ ಪ್ಲೇಟೊವನ್ನು ಕಂಡಿದ್ದ ರೇ ಓಜಿಯವರು ಮುಂದೆ ಲೋಟಸ್ ಕಂಪನಿಯ ಸಿಂಫನಿ ತಂತ್ರಾಂಶದ ಮೇಲೆ ಕೆಲಸ ಮಾಡಿದರು. 1984ರ ಕೊನೆಯಲ್ಲಿ ಅವರು ಐರಿಸ್ ಅಸೋಸಿಯೇಟ್ಸ್ ಕಂಪನಿಯನ್ನು ಸ್ಥಾಪಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿದ್ದ ಟಿಮ್ ಹಾಲ್ವರ್ಸನ್ ಮತ್ತು ಲೆನ್ ಕಾವೆಲ್ ಅವರನ್ನು ಸೇರಿಕೊಂಡರು. ಲೋಟಸ್ ಕಂಪನಿಯು ಈ ಕಾರ್ಯಕ್ಕೆ ಹಣ ಒದಗಿಸಿತು. ಆ ಕಾಲದಲ್ಲಿ ವೈಯಕ್ತಿಕ ಗಣಕಯಂತ್ರವೆಂದರೆ ಒಬ್ಬರೇ ಕುಳಿತು ಲೆಕ್ಕಮಾಡುವ, ಪತ್ರ ಬರೆಯುವ ಸಾಧನವಾಗಿತ್ತು. ಅದನ್ನು ಗುಂಪಿನ ಸಾಧನವನ್ನಾಗಿ ಮಾಡುವುದು ಐರಿಸ್‌ನ ಗುರಿಯಾಗಿತ್ತು.

ಬೆಳವಣಿಗೆ

ನೋಟ್ಸ್‌ನ ಮೊದಲ ಆವೃತ್ತಿ 1989ರ ಡಿಸೆಂಬರ್‌ನಲ್ಲಿ ಹೊರಬಂದಿತು. ಲೆಕ್ಕಪರಿಶೋಧನಾ ಸಂಸ್ಥೆಯಾದ ಪ್ರೈಸ್ ವಾಟರ್‌ಹೌಸ್ ಬಿಡುಗಡೆಗೆ ಮುನ್ನವೇ 10,000 ಪ್ರತಿಗಳನ್ನು ಕೊಂಡಿತು. 200 ಜನರ ಬಳಕೆಯ ಪರವಾನಗಿಗೆ 62,500 ಡಾಲರ್ ಬೆಲೆಯಿದ್ದುದರಿಂದ ಆರಂಭದಲ್ಲಿ ದೊಡ್ಡ ಸಂಸ್ಥೆಗಳು ಮಾತ್ರ ಇದನ್ನು ಕೊಳ್ಳಬಹುದಾಗಿತ್ತು. 1994ರಲ್ಲಿ ಲೋಟಸ್ ಐರಿಸ್ ಅನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿತು. ಮರುವರ್ಷವೇ ಐಬಿಎಂ ಸುಮಾರು 3.5 ಶತಕೋಟಿ ಡಾಲರ್ ತೆತ್ತು ಲೋಟಸ್ ಅನ್ನು ಕೊಂಡಿತು. ಈ ಖರೀದಿಗೆ ನೋಟ್ಸ್ ಮುಖ್ಯ ಕಾರಣವಾಗಿತ್ತು. 1996ರಲ್ಲಿ ನಾಲ್ಕನೆಯ ಆವೃತ್ತಿಯೊಡನೆ ಲೋಟಸ್‌ಸ್ಕ್ರಿಪ್ಟ್ ಎಂಬ ಕ್ರಮವಿಧಿ ಭಾಷೆ ಸೇರಿತು. ಅದೇ ವರ್ಷದ ಕೊನೆಯಲ್ಲಿ ಸರ್ವರ್ ಭಾಗಕ್ಕೆ ಡಾಮಿನೊ ಎಂಬ ಹೊಸ ಹೆಸರು ಬಂದಿತು. ಅಂತರಜಾಲದ ಬ್ರೌಸರ್ ಮೂಲಕವೂ ನೋಟ್ಸ್ ದತ್ತಾಂಶವನ್ನು ಕಾಣುವುದು ಸಾಧ್ಯವಾಯಿತು.

ಬೆಂಗಳೂರಿನ ಕಚೇರಿಗಳೂ ಸೇರಿದಂತೆ ಐಬಿಎಂನ ನೌಕರರಿಗೆ ಬಹುಕಾಲ ನೋಟ್ಸ್ ನಿತ್ಯದ ಇ-ಅಂಚೆ ಪೆಟ್ಟಿಗೆಯಾಗಿತ್ತು.

ರಚನೆ ಮತ್ತು ಕಾರ್ಯವಿಧಾನ

ನೋಟ್ಸ್‌ನಲ್ಲಿ ಎಲ್ಲ ಮಾಹಿತಿಯೂ ದಾಖಲೆಗಳ ರೂಪದಲ್ಲಿರುತ್ತದೆ. ಒಂದು ಇ-ಅಂಚೆ, ಒಂದು ರಜೆ ಅರ್ಜಿ, ಒಂದು ಚರ್ಚೆಯ ಉತ್ತರ ಇವೆಲ್ಲವೂ ದಾಖಲೆಗಳೇ. ಇಂತಹ ದಾಖಲೆಗಳ ಸಂಗ್ರಹವನ್ನು ದತ್ತಸಂಚಯ ಎನ್ನುತ್ತಾರೆ. ಸಾಮಾನ್ಯ ದತ್ತಸಂಚಯಗಳಂತೆ ಇಲ್ಲಿ ಸಾಲು ಮತ್ತು ಕಂಬಗಳ ಕೋಷ್ಟಕವನ್ನು ಮೊದಲೇ ಗೊತ್ತುಪಡಿಸಬೇಕಾಗಿಲ್ಲ. ಒಂದು ದಾಖಲೆಯಲ್ಲಿರುವ ಅಂಶ ಇನ್ನೊಂದರಲ್ಲಿ ಇಲ್ಲದಿದ್ದರೂ ಅಡ್ಡಿಯಿಲ್ಲ.

ನೋಟ್ಸ್‌ನ ಅತ್ಯಂತ ಮಹತ್ವದ ಗುಣ ರೆಪ್ಲಿಕೇಷನ್. ಒಂದೇ ದತ್ತಸಂಚಯದ ಪ್ರತಿಗಳು ಬೇರೆಬೇರೆ ಊರುಗಳ ಸರ್ವರ್‌ಗಳಲ್ಲಿಯೂ ನೌಕರರ ಸ್ವಂತ ಗಣಕಯಂತ್ರಗಳಲ್ಲಿಯೂ ಇರಬಹುದು. ಸಂಪರ್ಕವಿಲ್ಲದ ವೇಳೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರತಿಯ ಮೇಲೆ ಕೆಲಸ ಮಾಡುತ್ತಾರೆ. ಸಂಪರ್ಕ ದೊರೆತಾಗ ಎರಡು ಪ್ರತಿಗಳೂ ಪರಸ್ಪರ ಹೋಲಿಸಿಕೊಂಡು ಬದಲಾವಣೆಗಳನ್ನು ಮಾತ್ರ ವಿನಿಮಯ ಮಾಡಿಕೊಳ್ಳುತ್ತವೆ. ಇಬ್ಬರು ಒಂದೇ ದಾಖಲೆಯನ್ನು ಒಂದೇ ವೇಳೆಯಲ್ಲಿ ತಿದ್ದಿದ್ದರೆ ತಂತ್ರಾಂಶವು ಸಾಮಾನ್ಯವಾಗಿ ಎರಡನ್ನೂ ಉಳಿಸಿ, ಅಲ್ಲಿ ಘರ್ಷಣೆಯಾಗಿದೆ ಎಂದು ಗುರುತು ಮಾಡುತ್ತದೆ. ತೀರ್ಮಾನವನ್ನು ಮನುಷ್ಯರಿಗೆ ಬಿಡುತ್ತದೆ. ದೂರವಾಣಿ ತಂತಿಯ ಮೂಲಕ ನಿಧಾನವಾಗಿ ಸಂಪರ್ಕ ಸಾಧಿಸಬೇಕಾಗಿದ್ದ ದಿನಗಳಲ್ಲಿ ಈ ವ್ಯವಸ್ಥೆಯು ಊರೂರು ಸುತ್ತುವ ನೌಕರರಿಗೆ ಬಹಳ ಉಪಯುಕ್ತವಾಯಿತು.

ಪ್ರತಿ ದತ್ತಸಂಚಯಕ್ಕೂ ಪ್ರವೇಶ ನಿಯಂತ್ರಣ ಪಟ್ಟಿಯಿದೆ. ಅದರಲ್ಲಿ ಏಳು ಹಂತಗಳಿವೆ: ಪ್ರವೇಶವೇ ಇಲ್ಲದವರು, ಬರೆದು ಹಾಕಬಲ್ಲರೇ ಹೊರತು ಓದಲಾರದವರು, ಓದುಗರು, ಲೇಖಕರು, ಸಂಪಾದಕರು, ವಿನ್ಯಾಸಕರು ಮತ್ತು ವ್ಯವಸ್ಥಾಪಕರು. ಎರಡನೆಯ ಹಂತವು ಸಲಹಾ ಪೆಟ್ಟಿಗೆಯಂತೆ ಕೆಲಸ ಮಾಡುತ್ತದೆ. ಅದರೊಳಗೆ ಚೀಟಿ ಹಾಕಬಹುದು, ಇನ್ನೊಬ್ಬರ ಚೀಟಿಯನ್ನು ನೋಡಲಾಗದು.

ಜ್ಞಾನ ಹಂಚಿಕೆಯ ಪ್ರಶ್ನೆ

ಒಂದು ಸಂಸ್ಥೆಗೆ ಸಹಯೋಗ ತಂತ್ರಾಂಶ ಬಂದ ಮಾತ್ರಕ್ಕೆ ಅಲ್ಲಿನವರು ಸಹಯೋಗಿಗಳಾಗುತ್ತಾರೆಯೇ? ಎಂಐಟಿಯ ಸಂಶೋಧಕಿ ವಾಂಡಾ ಒರ್ಲಿಕೋವ್‌ಸ್ಕಿಯವರು ದೊಡ್ಡ ಸಲಹಾ ಸಂಸ್ಥೆಯೊಂದರಲ್ಲಿ ನೋಟ್ಸ್ ಜಾರಿಗೆ ಬಂದ ಬಗೆಯನ್ನು ಹತ್ತಿರದಿಂದ ಅಧ್ಯಯನ ಮಾಡಿ 1992ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಸಹಯೋಗ ತಂತ್ರಾಂಶಗಳ ಕುರಿತ ಚರ್ಚೆಯಲ್ಲಿ ಇಂದಿಗೂ ಅದನ್ನು ಉಲ್ಲೇಖಿಸಲಾಗುತ್ತದೆ.

ಅವರು ಎರಡು ಅಡ್ಡಿಗಳನ್ನು ಗುರುತಿಸಿದರು. ಮೊದಲನೆಯದು ತಿಳಿವಳಿಕೆಗೆ ಸಂಬಂಧಿಸಿದುದು. ನೌಕರರಿಗೆ ಸಾಕಷ್ಟು ತರಬೇತಿ ಸಿಕ್ಕಿರಲಿಲ್ಲ. ಆದ್ದರಿಂದ ಅವರು ನೋಟ್ಸ್ ಅನ್ನು ತಾವು ಈಗಾಗಲೇ ಬಲ್ಲ ವೈಯಕ್ತಿಕ ಸಾಧನಗಳಂತೆಯೇ ಭಾವಿಸಿದರು. ಗುಂಪಿನ ಸಾಧನವೆಂದು ಕಾಣಲಿಲ್ಲ. ಎರಡನೆಯದು ಸಂಸ್ಥೆಯ ಕಟ್ಟಳೆಗೆ ಸಂಬಂಧಿಸಿದುದು. ಅಲ್ಲಿ ಪ್ರತಿ ಗಂಟೆಯ ದುಡಿಮೆಯನ್ನೂ ಯಾವುದಾದರೂ ಗ್ರಾಹಕರ ಲೆಕ್ಕಕ್ಕೆ ಬರೆಯಬೇಕಾಗಿತ್ತು. ಹೊಸ ತಂತ್ರಾಂಶ ಕಲಿಯುವ ಗಂಟೆಗಳನ್ನು ಯಾರ ಲೆಕ್ಕಕ್ಕೂ ಬರೆಯುವಂತಿರಲಿಲ್ಲ. ಅಷ್ಟೇ ಅಲ್ಲದೆ, ಬಡ್ತಿಗಾಗಿ ಸಹೋದ್ಯೋಗಿಗಳು ಪರಸ್ಪರ ಸ್ಪರ್ಧಿಸುತ್ತಿದ್ದ ಆ ವಾತಾವರಣದಲ್ಲಿ ತನಗೆ ತಿಳಿದುದನ್ನು ಎಲ್ಲರಿಗೂ ತೆರೆದಿಡುವುದು ತನ್ನ ಬಲವನ್ನೇ ಬಿಟ್ಟುಕೊಟ್ಟಂತಾಗುತ್ತಿತ್ತು. ತಂತ್ರಾಂಶವನ್ನು ತಂದ ತಂತ್ರಜ್ಞರು ಅದನ್ನು ಹಂಚಿಕೆಯ ಸಾಧನವೆಂದು ತಿಳಿದಿದ್ದರು. ಬಳಸಬೇಕಾದವರು ಹಾಗೆ ತಿಳಿದಿರಲಿಲ್ಲ.

ಹಂಚಿಕೊಂಡವರಿಗೆ ಗೌರವವೂ ಕಲಿಯಲು ಬಿಡುವೂ ದೊರೆಯದ ಕಡೆ ಒಳ್ಳೆಯ ತಂತ್ರಾಂಶವೂ ಬರಿಯ ಅಂಚೆ ಪೆಟ್ಟಿಗೆಯಾಗಿ ಉಳಿಯುತ್ತದೆ ಎಂಬುದು ಈ ಅಧ್ಯಯನದಿಂದ ದೊರೆಯುವ ಪಾಠ. ಇಂದು ಬಳಕೆಯಲ್ಲಿರುವ ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್ ಮೊದಲಾದ ತಂತ್ರಾಂಶಗಳಿಗೂ ಇದು ಅನ್ವಯಿಸುತ್ತದೆ.

ಗೌಪ್ಯತೆ ಮತ್ತು ಸ್ವೀಡನ್ ಪ್ರಕರಣ

ನೋಟ್ಸ್ ತನ್ನ ಪತ್ರಗಳನ್ನು ಗೂಢಲಿಪಿಯಲ್ಲಿ ಭದ್ರಪಡಿಸುವ ಸೌಲಭ್ಯವನ್ನು ಆರಂಭದಿಂದಲೇ ಹೊಂದಿತ್ತು. ಆದರೆ ಪ್ರಬಲ ಗೂಢಲಿಪಿಯನ್ನು ವಿದೇಶಗಳಿಗೆ ಕಳುಹಿಸುವುದಕ್ಕೆ ಅಮೆರಿಕದ ಸರ್ಕಾರ ಅಂದು ನಿರ್ಬಂಧ ಹೇರಿತ್ತು. ಹೀಗಾಗಿ 1996ರ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ 64 ಬಿಟ್ ಉದ್ದದ ಕೀಲಿಯನ್ನು ಬಳಸಿ, ಅದರ 24 ಬಿಟ್‌ಗಳನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಮಾತ್ರ ತೆರೆಯಬರುವಂತೆ ಪತ್ರದೊಡನೆಯೇ ಸೇರಿಸಲಾಗುತ್ತಿತ್ತು. ಆ ಸಂಸ್ಥೆಯು ಉಳಿದ 40 ಬಿಟ್‌ಗಳನ್ನು ಕಂಡುಹಿಡಿದರೆ ಸಾಕಾಗುತ್ತಿತ್ತು. ಬೇರೆಯವರಿಗೆ ಮಾತ್ರ 64 ಬಿಟ್‌ಗಳ ಪೂರ್ಣ ಅಡ್ಡಿಯಿರುತ್ತಿತ್ತು.

ಕಂಪನಿಯು ಈ ವ್ಯವಸ್ಥೆಯನ್ನು ಬಹಿರಂಗವಾಗಿಯೇ ಪ್ರಕಟಿಸಿತ್ತು. ಆದರೂ ಕೊಂಡ ಸಂಸ್ಥೆಗಳಲ್ಲಿ ಎಲ್ಲರೂ ಅದನ್ನು ಅರಿತಿರಲಿಲ್ಲ. 1997ರಲ್ಲಿ ಸ್ವೀಡನ್ನಿನ ಸ್ವೆನ್ಸ್ಕಾ ದಾಗ್‌ಬ್ಲಾದೆಟ್ ಪತ್ರಿಕೆ ಈ ವಿಷಯವನ್ನು ಬರೆದಾಗ ಆ ದೇಶದಲ್ಲಿ ಕಳವಳ ಉಂಟಾಯಿತು. ಅಲ್ಲಿನ ಸಂಸತ್ ಸದಸ್ಯರು ಹಾಗೂ ತೆರಿಗೆ ಇಲಾಖೆಯ ನೌಕರರು ನೋಟ್ಸ್ ಬಳಸುತ್ತಿದ್ದರು. 2000ರಲ್ಲಿ ಅಮೆರಿಕ ತನ್ನ ರಫ್ತು ನಿಯಮಗಳನ್ನು ಸಡಿಲಿಸಿದ ಮೇಲೆ ಈ ವ್ಯತ್ಯಾಸದ ಅಗತ್ಯ ಉಳಿಯಲಿಲ್ಲ. ತಂತ್ರಾಂಶವನ್ನು ಕೊಳ್ಳುವವರು ಅದರ ಕೀಲಿಕೈ ಯಾರ ಬಳಿಯಿದೆ ಎಂದೂ ವಿಚಾರಿಸಬೇಕು ಎಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಲಾಗುತ್ತದೆ.

ಸಾಮಾಜಿಕ ತಂತ್ರಾಂಶದ ಕಡೆಗೆ

ಸಾರ್ವಜನಿಕ ಅಂತರಜಾಲದಲ್ಲಿ ಬ್ಲಾಗು, ವಿಕಿ, ಸಾಮಾಜಿಕ ಜಾಲತಾಣಗಳು ಹರಡಿದ ಕಾಲದಲ್ಲಿ ಅವುಗಳ ರೀತಿಯನ್ನು ಕಚೇರಿಯೊಳಕ್ಕೂ ತರಬೇಕೆಂಬ ವಿಚಾರ ಬೆಳೆಯಿತು. ಆಂಡ್ರ್ಯೂ ಮೆಕಾಫಿಯವರು 2006ರಲ್ಲಿ ಇದನ್ನು ಎಂಟರ್‌ಪ್ರೈಸ್ 2.0 ಎಂದು ಹೆಸರಿಸಿದರು. ಮರುವರ್ಷ ಐಬಿಎಂ ಲೋಟಸ್ ಕನೆಕ್ಷನ್ಸ್ ಎಂಬ ಸಾಮಾಜಿಕ ಸಹಯೋಗ ತಂತ್ರಾಂಶವನ್ನು ಹೊರತಂದಿತು. ಅದರಲ್ಲಿ ನೌಕರರ ಪರಿಚಯ ಪುಟ, ಸಮಾನಾಸಕ್ತರ ಗುಂಪು, ಬ್ಲಾಗು, ಹಂಚಿಕೊಂಡ ಪುಟಗುರುತು ಮತ್ತು ಕಾರ್ಯಪಟ್ಟಿ ಎಂಬ ಐದು ಭಾಗಗಳಿದ್ದವು. ಮುಂದೆ ವಿಕಿ ಮತ್ತು ಕಡತಗಳೂ ಸೇರಿದವು. ಯಾವ ವಿಷಯ ಯಾರಿಗೆ ಗೊತ್ತಿದೆ ಎಂಬುದನ್ನು ಕಂಡುಕೊಳ್ಳುವುದು ಇದರ ಮುಖ್ಯ ಪ್ರಯೋಜನವಾಗಿತ್ತು. ಈ ತಂತ್ರಾಂಶವೂ ಇಂದು ಎಚ್‌ಸಿಎಲ್ ಒಡೆತನದಲ್ಲಿದೆ.

ಬಳಕೆದಾರರ ಸಮುದಾಯ

ನೋಟ್ಸ್‌ನ ಬಳಕೆದಾರರು ಮತ್ತು ಅಭಿವೃದ್ಧಿಕಾರರು ಕಲೆತು ಮಾತನಾಡುವ ಲೋಟಸ್‌ಫಿಯರ್ ಎಂಬ ವಾರ್ಷಿಕ ಸಮ್ಮೇಳನ 1993ರಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ಪ್ರಾರಂಭವಾಯಿತು. ತಂತ್ರಾಂಶವನ್ನು ಬರೆದವರ ಎದುರು ಕುಳಿತು ಅದನ್ನು ಬಳಸುವವರು ನೇರವಾಗಿ ಪ್ರಶ್ನೆ ಕೇಳುವ ಅವಕಾಶ ಅಲ್ಲಿತ್ತು. 2013ರಲ್ಲಿ ಸಮ್ಮೇಳನದ ಹೆಸರು ಐಬಿಎಂ ಕನೆಕ್ಟ್ ಎಂದಾಯಿತು. ಅದೇ ವರ್ಷ ಬಂದ ಒಂಬತ್ತನೆಯ ಆವೃತ್ತಿಯೊಡನೆ ತಂತ್ರಾಂಶದ ಹೆಸರಿನಿಂದಲೂ ಲೋಟಸ್ ಎಂಬ ಪದ ಮರೆಯಾಯಿತು.

ಕಂಪನಿಯ ಆಶ್ರಯವಿಲ್ಲದೆ ಬಳಕೆದಾರರೇ ಕಟ್ಟಿಕೊಂಡ ಸಂಘಗಳೂ ಇವೆ. ಜರ್ಮನಿಯ ಡಿಎನ್‌ಯುಜಿ 1994ರಿಂದ ಕೆಲಸ ಮಾಡುತ್ತಿದೆ. ಬೆಲ್ಜಿಯಂನ ಬಳಕೆದಾರರ ಗುಂಪು ಎಂಗೇಜ್ ಎಂಬ ಹೆಸರಿನಿಂದ ಯೂರೋಪಿನ ಸಮ್ಮೇಳನವಾಗಿ ಬೆಳೆಯಿತು. ಕನೆಕ್ಷನ್ಸ್ ಬಳಕೆದಾರರು ಸೋಷಿಯಲ್ ಕನೆಕ್ಷನ್ಸ್ ಎಂಬ ಗುಂಪನ್ನು ರಚಿಸಿಕೊಂಡರು. 2001ರಲ್ಲಿ ಆರಂಭವಾದ ಓಪನ್ ಎನ್‌ಟಿಎಫ್, ಸ್ವಯಂಸೇವಕರು ಬರೆದ ಅನ್ವಯಗಳನ್ನು ಮೂಲಸಂಕೇತದೊಡನೆ ಮುಕ್ತವಾಗಿ ಹಂಚುತ್ತದೆ. ಒಂದು ಸಂಸ್ಥೆಯ ನೌಕರ ತನ್ನ ಕಚೇರಿಗಾಗಿ ರಚಿಸಿದ ಸಾಧನವನ್ನು ಬೇರೊಂದು ದೇಶದ ನೌಕರ ತನಗೆ ಬೇಕಾದಂತೆ ತಿದ್ದಿಕೊಂಡು ಬಳಸುವುದು ಇದರಿಂದ ಸಾಧ್ಯವಾಯಿತು. ಒರ್ಲಿಕೋವ್‌ಸ್ಕಿಯವರು ಕಂಡ ಕಚೇರಿಯಲ್ಲಿ ಹಂಚಿಕೊಂಡವರಿಗೆ ನಷ್ಟವಿತ್ತು. ಈ ಸಮುದಾಯದಲ್ಲಿ ಹಂಚಿಕೊಂಡವರಿಗೆ ಹೆಸರು ಬರುತ್ತದೆ.

2017ರಲ್ಲಿ ಐಬಿಎಂ ನೋಟ್ಸ್‌ನ ಅಭಿವೃದ್ಧಿ ಕಾರ್ಯವನ್ನು ಎಚ್‌ಸಿಎಲ್‌ಗೆ ವಹಿಸಿತು. ಆಗ ಡಾಮಿನೊ 2025 ಎಂಬ ಹೆಸರಿನಲ್ಲಿ ಹಲವು ನಗರಗಳಲ್ಲಿ ಸಭೆಗಳನ್ನು ಕರೆದು ಬಳಕೆದಾರರ ಬೇಡಿಕೆಗಳನ್ನು ಕೇಳಲಾಯಿತು. 2018ರಲ್ಲಿ ಹತ್ತನೆಯ ಆವೃತ್ತಿ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಐಬಿಎಂ ನೋಟ್ಸ್, ಡಾಮಿನೊ, ಕನೆಕ್ಷನ್ಸ್ ಮುಂತಾದ ತಂತ್ರಾಂಶಗಳನ್ನು 1.8 ಶತಕೋಟಿ ಡಾಲರ್‌ಗೆ ಎಚ್‌ಸಿಎಲ್‌ಗೆ ಮಾರುವುದಾಗಿ ಘೋಷಿಸಿತು. ವರ್ಗಾವಣೆ 2019ರ ಮಧ್ಯಭಾಗದಲ್ಲಿ ಮುಗಿಯಿತು. ನಂತರ 2019, 2021 ಮತ್ತು 2023ರಲ್ಲಿ ಹೊಸ ಆವೃತ್ತಿಗಳು ಬಂದಿವೆ.

ಟೀಕೆಗಳು

ನೋಟ್ಸ್‌ನ ಪರದೆಯ ವಿನ್ಯಾಸವನ್ನು ಅನೇಕರು ಟೀಕಿಸಿದ್ದಾರೆ. ಬೇರೆ ತಂತ್ರಾಂಶಗಳಲ್ಲಿ ಎಫ್5 ಕೀಲಿಯನ್ನು ಒತ್ತಿದರೆ ಪುಟ ಹೊಸದಾಗುತ್ತದೆ. ನೋಟ್ಸ್‌ನ ಹಳೆಯ ಆವೃತ್ತಿಗಳಲ್ಲಿ ಅದೇ ಕೀಲಿಯು ಬಳಕೆದಾರರನ್ನು ಹೊರಗಟ್ಟಿ ಮತ್ತೆ ಗುಪ್ತಪದ ಕೇಳುತ್ತಿತ್ತು. ಇ-ಅಂಚೆಗಾಗಿ ಮಾತ್ರ ಬಳಸಿದವರಿಗೆ ಇದು ತೊಡಕಿನ ತಂತ್ರಾಂಶವೆನಿಸಿತು. ಇದರ ಮೇಲೆ ಅನ್ವಯಗಳನ್ನು ಕಟ್ಟಿದವರಿಗೆ ಇದು ಅನುಕೂಲದ ಸಾಧನವೆನಿಸಿತು.

ಇದನ್ನು ಬಿಟ್ಟುಹೋಗುವುದೂ ಸುಲಭವಲ್ಲ. ಪತ್ರಗಳನ್ನು ಬೇರೆ ವ್ಯವಸ್ಥೆಗೆ ಸಾಗಿಸಬಹುದು. ಆದರೆ ಮಂಜೂರಾತಿ, ದೂರು, ದಾಸ್ತಾನು ಮುಂತಾದ ಕೆಲಸಗಳಿಗಾಗಿ ನೌಕರರೇ ವರ್ಷಗಟ್ಟಲೆ ರಚಿಸಿದ ಅನ್ವಯಗಳಲ್ಲಿ ಕಚೇರಿಯ ನಡವಳಿಕೆಯೇ ಅಡಗಿರುತ್ತದೆ. ಅವುಗಳನ್ನು ರಚಿಸಿದವರು ನಿವೃತ್ತರಾದ ಮೇಲೆ ಒಳಗಿನ ತರ್ಕವನ್ನು ವಿವರಿಸುವವರು ಇಲ್ಲದೆ ಹೋಗಬಹುದು. ಆದ್ದರಿಂದ ಇಂತಹ ಅನ್ವಯಗಳ ವಿವರಗಳನ್ನು ಬರೆದಿಡುವುದು ಅವುಗಳನ್ನು ರಚಿಸಿದಷ್ಟೇ ಮುಖ್ಯ.

ಪ್ರಭಾವ

ಐರಿಸ್‌ನಲ್ಲಿ ನೋಟ್ಸ್ ಮೇಲೆ ಕೆಲಸ ಮಾಡಿದ್ದ ಡೇಮಿಯನ್ ಕಾಟ್ಜ್ 2005ರಲ್ಲಿ ಕೌಚ್‌ಡಿಬಿ ಎಂಬ ಮುಕ್ತ ದತ್ತಸಂಚಯವನ್ನು ಆರಂಭಿಸಿದರು. ದಾಖಲೆಗಳ ರೂಪದಲ್ಲಿ ಮಾಹಿತಿಯನ್ನು ಇಡುವುದು ಮತ್ತು ಪ್ರತಿಗಳ ನಡುವೆ ಹೊಂದಾಣಿಕೆ ಮಾಡುವುದು ಎಂಬ ನೋಟ್ಸ್‌ನ ಎರಡು ವಿಚಾರಗಳು ಅದರಲ್ಲಿ ಮುಂದುವರಿದವು. ರೇ ಓಜಿಯವರು 1997ರಲ್ಲಿ ಗ್ರೂವ್ ನೆಟ್‌ವರ್ಕ್ಸ್ ಸ್ಥಾಪಿಸಿ, ಮುಂದೆ ಮೈಕ್ರೋಸಾಫ್ಟ್‌ನ ಮುಖ್ಯ ತಂತ್ರಾಂಶ ವಿನ್ಯಾಸಕರಾದರು. ಪ್ಲೇಟೊ ವ್ಯವಸ್ಥೆಯ ಟಿಪ್ಪಣಿ ಕಡತದಲ್ಲಿ ಹುಟ್ಟಿದ ವಿಚಾರವು ಹೀಗೆ ಇಂದಿನ ಕಚೇರಿಗಳ ಚರ್ಚಾ ತಂತ್ರಾಂಶಗಳವರೆಗೆ ಹರಿದು ಬಂದಿದೆ.