ವಪೆಯ ಅದುರು

ಬಿಕ್ಕಳಿಕೆ ಬಂದರೆ ಯಾರೋ ನೆನೆಯುತ್ತಿರುವರೆಂದು ನಮ್ಮಲ್ಲಿ ಹೇಳುವುದುಂಟು. ಕೊರವಂಗಲದ ರೈತನಾಗಲಿ ಹಾಸನದ ಕಾಲೇಜು ವಿದ್ಯಾರ್ಥಿಯಾಗಲಿ ಒಂದು ಲೋಟ ನೀರು ಕುಡಿದು ಅದನ್ನು ಮರೆತುಬಿಡುವರು. ಬಿಕ್ಕಳಿಕೆಯೆಂದರೆ ಎದೆಗೂ ಹೊಟ್ಟೆಗೂ ನಡುವೆ ಹರಡಿರುವ ವಪೆಯೆಂಬ ಸ್ನಾಯುವಿನ ಪರದೆಯು ಹಠಾತ್ತನೆ ಸೆಳೆದುಕೊಳ್ಳುವುದು. ಈ ಪರದೆಯೇ ಎಡೆಬಿಡದೆ ಅದುರತೊಡಗಿದರೆ?

ಡೆಲ್ಫ್ಟ್ ನಗರದ ಆಂಟೋನಿ ಫಾನ್ ಲೇವೆನ್‌ಹುಕ್‌ನಿಗೆ ಹಾಗಾಯಿತು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಗಳನ್ನು ಮೊದಲು ಕಂಡವನು ಈತನೇ. ತೊಂಬತ್ತರ ಆ ವೃದ್ಧನಿಗೆ ಪಕ್ಕೆಯ ಕೆಳಗೆ ಅದುರು, ಜೊತೆಗೆ ಉಸಿರಿನ ಕಷ್ಟ. ಇದು ಹೃದಯದ ಬಡಿತವೆಂದು ವೈದ್ಯರು ಹೇಳಿದರು. ಆತನು ತನ್ನ ನಾಡಿಯನ್ನೇ ಹಿಡಿದು ನೋಡಿದನು, ಅದು ತ್ವರಿತಗೊಂಡಿರಲಿಲ್ಲ. ದೋಷ ವಪೆಯದೆಂದು ವಾದಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಪ್ರಾಣಿಗಳ ವಪೆಯ ರಚನೆಯನ್ನೂ ಪರೀಕ್ಷಿಸಿದನು. 1723ರ ಆಗಸ್ಟಿನಲ್ಲಿ ತೀರಿಕೊಂಡನು. ಈ ರೋಗಕ್ಕೆ ಇಂದಿಗೂ ಅವನ ಹೆಸರೇ ಇದೆ.

ಉಸಿರಿಗೆ ಇಬ್ಬರು ಒಡೆಯರು. ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ನಾವು ನಿದ್ರಿಸುವಾಗಲೂ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿಸುತ್ತದೆ. ಮಾತನಾಡುವಾಗ, ಹಾಡುವಾಗ ಮಿದುಳಿನ ಹೊರಪದರವು ಅಧಿಕಾರ ವಹಿಸುತ್ತದೆ. ಇಬ್ಬರ ಅಪ್ಪಣೆಯೂ ಬೆನ್ನುಹುರಿಯಲ್ಲಿ ಇಳಿದು, ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಬೇರುಗಳ ಮೂಲಕ ವಪೆಯನ್ನು ಮುಟ್ಟುತ್ತದೆ. ರಕ್ತದ ಕೊರತೆಯೋ ಉರಿಯೂತವೋ ಮಿದುಳಿನ ಕಾಂಡಕ್ಕೆ ಪೆಟ್ಟು ಕೊಟ್ಟರೆ, ಅಪರೂಪವಾಗಿ ಅಲ್ಲಿನ ಕಡಿವಾಣ ಸಡಿಲಿ, ನರಕೋಶಗಳು ಗುಂಪಾಗಿ ಅಕಾಲಿಕ ಅಪ್ಪಣೆ ಹೊರಡಿಸಬಹುದು. ಆಗ ವಪೆಯು ಉಸಿರಾಟಕ್ಕಿಂತ ಬಹಳ ವೇಗವಾಗಿ ಅದುರುತ್ತದೆ. ವಪೆಗೆ ಹೋಗುವ ನರವೇ ಕೆರಳಿದರೂ ಹೀಗಾಗಬಹುದು. ಲೇವೆನ್‌ಹುಕ್‌ನ ಅದುರಿನ ಮೂಲ ಯಾವುದೆಂದು ಈಗ ಹೇಳಲಾಗದು.

ರೋಗಿಯ ಕಷ್ಟ ಅದುರಿನಲ್ಲಷ್ಟೇ ಇಲ್ಲ. ಉಬ್ಬಸವೆಂದು, ಹೃದ್ರೋಗವೆಂದು, ಗಾಳಿ ಸೋಕಿದೆಯೆಂದು ಎಲ್ಲರೂ ಒಂದೊಂದು ಹೇಳುವರು. ಕೆಲವರಲ್ಲಿ ಉಸಿರು ಬಿಗಿಹಿಡಿದಾಗ ಅದುರು ಕ್ಷಣಕಾಲ ತಗ್ಗುವುದರಿಂದ, ಇದು ನಟನೆಯೆಂಬ ಅಪವಾದವೂ ತಪ್ಪದು. ಇದು ಅನ್ಯಾಯವೆಂದೇ ನಮ್ಮ ಮತ. ಇಂದು ಚಲಿಸುವ ಎಕ್ಸ್-ರೇ ಚಿತ್ರದಲ್ಲಿ ವಪೆಯ ಕುಣಿತವನ್ನು ಕಣ್ಣಾರೆ ಕಾಣಬಹುದು. ಸ್ನಾಯುವಿನ ವಿದ್ಯುತ್ತನ್ನು ಬರೆದುಕೊಳ್ಳುವ ಯಂತ್ರವು ಅದರ ವೇಗವನ್ನು ಎಣಿಸಿಕೊಡುತ್ತದೆ. ಸೆಳೆವನ್ನು ತಡೆಯುವ ಕ್ಲೋನಜೆಪಾಮ್, ಕಾರ್ಬಮಜೆಪೀನ್ ಮುಂತಾದ ಔಷಧಗಳು ಕೆಲವರಿಗೆ ಹಿತ ತಂದಿವೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ನರರೋಗತಜ್ಞರಿದ್ದಾರೆ. ಅವರ ಬಳಿಗೆ ಹೋಗುವಾಗ, ಅದುರು ಬಂದ ಹೊತ್ತಿನ ನಾಡಿಯ ಎಣಿಕೆಯನ್ನೂ ಉಸಿರಿನ ಎಣಿಕೆಯನ್ನೂ ಮನೆಯವರು ಚೀಟಿಯಲ್ಲಿ ಬರೆದೊಯ್ದರೆ ಒಳ್ಳೆಯದು. ಡೆಲ್ಫ್ಟಿನ ಮುದುಕನ ಕೈಯಲ್ಲಿ ಇದ್ದದ್ದೂ ಅಷ್ಟೇ.