ಹೊಸ ವಿಂಡೋಸಿನೊಳಗಿನ ಹಳೆಯ ಋಣ

ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರ್ ಮಾಡಿ, ಅದಕ್ಕೆ ಸಿ-ಒ-ಎನ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಹೆಸರಿಡಲು ಹೋದರೆ ಅದು ಒಪ್ಪುವುದಿಲ್ಲ. 1981ರ, ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ಕೀಬೋರ್ಡ್ ಮತ್ತು ಪರದೆಗೆ ಇಟ್ಟ ಹೆಸರು ಅದು. ಅಂದಿನ ಪ್ರೋಗ್ರಾಮುಗಳು ಕೆಡಬಾರದೆಂದು ಮೈಕ್ರೋಸಾಫ್ಟ್ ಆ ಹೆಸರನ್ನು ಇಂದಿಗೂ ಕಾಯ್ದಿರಿಸಿದೆ.

ಹಳೆಯದನ್ನು ನಡೆಸಿಕೊಂಡು ಹೋಗಲು ಎಂಜಿನಿಯರುಗಳು ಪಟ್ಟ ಪಾಡು ಸಣ್ಣದಲ್ಲ. 'ಸಿಮ್‌ಸಿಟಿ' ಎಂಬ ಆಟದಲ್ಲಿ ಒಂದು ದೋಷವಿತ್ತು: ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಓದುತ್ತಿತ್ತು. ಹಿಂದಿನ ವಿಂಡೋಸ್‌ನಲ್ಲಿ ಅದು ಹೇಗೋ ನಡೆದುಹೋಗಿತ್ತು, ವಿಂಡೋಸ್ 95ರಲ್ಲಿ ಆಟ ಕುಸಿಯಿತು. ತಪ್ಪು ಆಟದ್ದೇ. ಆದರೂ ಮೈಕ್ರೋಸಾಫ್ಟ್‌ನವರು ಸಿಮ್‌ಸಿಟಿ ಓಡುತ್ತಿದ್ದರೆ ಮೆಮೊರಿಯನ್ನು ಕೂಡಲೇ ವಾಪಸ್ ಪಡೆಯದಂತೆ ವಿಂಡೋಸನ್ನೇ ತಿದ್ದಿದರು. ಸಾಫ್ಟ್‌ವೇರ್ ತಜ್ಞ ಜೋಯೆಲ್ ಸ್ಪೋಲ್ಸ್ಕಿ 2004ರಲ್ಲಿ ಬರೆದ ಲೇಖನದಿಂದ ಈ ಪ್ರಸಂಗ ಹೆಸರುವಾಸಿಯಾಯಿತು. ಇದು ಬರೀ ಔದಾರ್ಯವಲ್ಲ, ವ್ಯಾಪಾರದ ಜಾಣತನವೂ ಹೌದು. ನಿನ್ನೆಯವರೆಗೆ ನಡೆಯುತ್ತಿದ್ದ ಪ್ರೋಗ್ರಾಮ್ ಇಂದು ನಿಂತರೆ ಗ್ರಾಹಕ ದೂರುವುದು ಹೊಸ ವಿಂಡೋಸನ್ನೇ.

ವಿಂಡೋಸ್ 7 ಒಳಗೊಳಗೆ ತನ್ನನ್ನು 6.1 ಎಂದು ಕರೆದುಕೊಂಡದ್ದೂ ಇದೇ ಕಾರಣಕ್ಕೆ. ಆವೃತ್ತಿಯ ಸಂಖ್ಯೆ ನೋಡಿ ಓಡಲು ನಿರಾಕರಿಸುವ ಪ್ರೋಗ್ರಾಮುಗಳು ಅಷ್ಟಿದ್ದವು.

ಈ ಋಣಕ್ಕೂ ಒಂದು ಮಿತಿಯಿದೆ, ಕಚೇರಿಗಳು ಎಡವುವುದು ಅಲ್ಲೇ. 64-ಬಿಟ್ ವಿಂಡೋಸ್ ಡಾಸ್ ಕಾಲದ 16-ಬಿಟ್ ಪ್ರೋಗ್ರಾಮುಗಳನ್ನು ನೇರವಾಗಿ ಓಡಿಸುವುದಿಲ್ಲ. ವಿಂಡೋಸ್ 10ರವರೆಗೆ 32-ಬಿಟ್ ಆವೃತ್ತಿ ಸಿಗುತ್ತಿತ್ತು, ವಿಂಡೋಸ್ 11 ಬಂದದ್ದೇ 64-ಬಿಟ್‌ನಲ್ಲಿ ಮಾತ್ರ. ಡಾಸ್ ಕಾಲದ ಫಾಕ್ಸ್‌ಪ್ರೊ ಡೇಟಾಬೇಸ್‌ನಲ್ಲಿ ಬರೆಸಿದ ಲೆಕ್ಕದ ಪ್ರೋಗ್ರಾಮನ್ನು ನೆಚ್ಚಿಕೊಂಡ ಅಂಗಡಿ, ಕಾರ್ಖಾನೆಗಳಿಗೆ ಅಲ್ಲಿಗೆ ದಾರಿ ಮುಚ್ಚಿತು. ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರುಗಳ ಪಾಡು ಇನ್ನೂ ಕಷ್ಟ. ಹಳೆಯ 32-ಬಿಟ್ ಡ್ರೈವರ್ 64-ಬಿಟ್ ವಿಂಡೋಸ್‌ನಲ್ಲಿ ಕೂರುವುದೇ ಇಲ್ಲ. ಪ್ರೋಗ್ರಾಮ್ ತೆರೆದುಕೊಂಡರೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸುಮ್ಮನೆ ಕೂತಿರುತ್ತದೆ, ಇಲ್ಲವೇ ಪರವಾನಗಿ ತೋರಿಸಲು ಯಂತ್ರಕ್ಕೆ ಸಿಕ್ಕಿಸುವ ಲೈಸೆನ್ಸ್ ಡಾಂಗಲಿನ ಗುರುತು ಸಿಗದೆ ಪ್ರೋಗ್ರಾಮೇ ಮುಂದೆ ಹೋಗುವುದಿಲ್ಲ.

ಕನ್ನಡದ ಡಿಟಿಪಿ ಕೇಂದ್ರಗಳಿಗೆ ಇನ್ನೊಂದು ತಲೆನೋವು. ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ ಕೂಡಿಸಿದ ಕಡತ, ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫಾಂಟುಗಳನ್ನು ಮೊದಲೇ ಎತ್ತಿಟ್ಟುಕೊಂಡವರು ಬಚಾವ್.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತೆಯ ದೃಷ್ಟಿಯಿಂದ ಬದಲಾವಣೆಯನ್ನು ಮುಂದೂಡುತ್ತಾ ಹೋಗುವುದು ಸರಿಯಲ್ಲ, ಒಂದೇ ಭಾನುವಾರ ಎಲ್ಲ ಯಂತ್ರಗಳನ್ನೂ ಬದಲಿಸಿಬಿಡುವುದೂ ಸರಿಯಲ್ಲ. ಕಚೇರಿಯ ಅತಿ ಹಳೆಯ ಪ್ರೋಗ್ರಾಮ್ ಯಾವುದೆಂದು ಮೊದಲು ಪತ್ತೆ ಮಾಡಿ. ಒಂದೇ ಯಂತ್ರದಲ್ಲಿ ಹೊಸ ವಿಂಡೋಸ್ ಹಾಕಿ, ಅದೇ ಪ್ರೋಗ್ರಾಮಿನಲ್ಲಿ ತಿಂಗಳ ಲೆಕ್ಕ ಮುಗಿಸಿ, ಅದೇ ಪ್ರಿಂಟರಿನಲ್ಲಿ ಬಿಲ್ ತೆಗೆದು ನೋಡಿ. ನಡೆಯದಿದ್ದರೆ ಹಳೆಯ ವಿಂಡೋಸನ್ನು ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್ ರೂಪಿಸುವ ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ಟು, ಇಂಟರ್ನೆಟ್ ಸಂಪರ್ಕ ತಪ್ಪಿಸಿ ಬಳಸಬಹುದು. ಈ ಪರೀಕ್ಷೆ ಮುಗಿಯುವವರೆಗೆ ಹಳೆಯ ಹಾರ್ಡ್ ಡಿಸ್ಕನ್ನು ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ.